ಊರಸಭೆಯಲ್ಲಿ ಎದ್ದು ನಿಂತ ಅರ್ವಿಲಾ

ಅರ್ವಿಲಾ ಆಂಟಿ ಕಾಲೇಜಿಗೆ ಸೇರಿದಾಗ ಅವರಿಗೆ ಐವತ್ತಮೂರು, ನನಗೆ ಹತ್ತೊಂಬತ್ತು. ವರ್ಮಾಂಟಿನ ಗುಡ್ಡದ ಮೇಲಿರುವ ನಮ್ಮ ಈಸ್ಟ್ ಹಾರ್ಲೊ ಊರಿನ ಶಾಲಾ ಬಸ್ಸನ್ನು ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದವರು ಅವರೇ. ನಾನು ಒಂದನೆಯ ತರಗತಿಗೆ ಹೋದದ್ದೂ ಆ ಬಸ್ಸಿನಲ್ಲೇ. ಹಾಗಾಗಿ ಅಮೆರಿಕದ ಸರ್ಕಾರ ಮತ್ತು ಕಾನೂನು ಎಂಬ ಪಾಠಕ್ಕೆ ಅವರ ಪಕ್ಕದ ಕುರ್ಚಿಯಲ್ಲಿ ಕೂತಾಗ, ಎಲ್ಲರೆದುರು ಎಲ್ಲಿ ಮೂಗು ಒರೆಸಿಕೋ ಅನ್ನುತ್ತಾರೋ ಎಂದು ಹೆದರಿದ್ದೆ. ಮೊದಲ ದಿನವೇ ಅಂದರು.

ಯಾಕೆ ಸೇರಿದಿರಿ ಎಂದು ಕೇಳಿದ್ದಕ್ಕೆ, "ಟಿವಿ ನೋಡಿ ಆ ಸೆನೆಟರುಗಳನ್ನ ಬೈದೂ ಬೈದೂ ಸಾಕಾಯ್ತು ಕಣೇ. ಅವ್ರು ಏನ್ ಮಾಡ್ಬೇಕು ಅಂತ ಎಲ್ಲೋ ಬರೆದಿರ್ತದಲ್ಲ, ಅದನ್ನ ಓದ್ಕೊಂಡು ಸರಿಯಾಗಿ ಬೈತೀನಿ" ಅಂದಿದ್ದರು.

ಮಂಗಳವಾರ ಮತ್ತು ಗುರುವಾರ ಮಕ್ಕಳನ್ನೆಲ್ಲ ಮನೆಗೆ ಇಳಿಸಿ ಬಂದು, ತಮ್ಮ ಹಳೆಯ ಪಿಕಪ್ಪಿನಲ್ಲಿ ನನ್ನನ್ನು ಕೂರಿಸಿಕೊಂಡು ನದಿಯ ಪಕ್ಕದ ಕಾಲೇಜಿಗೆ ಹೊರಡುತ್ತಿದ್ದರು. ಒದ್ದೆ ಉಣ್ಣೆಯ ಕೈಗವಸು ಮತ್ತು ಫ್ಲಾಸ್ಕಿನ ಕಾಫಿಯ ವಾಸನೆ ಸೇರಿದರೆ ಈಗಲೂ ನನಗೆ ಸಂವಿಧಾನ ನೆನಪಾಗುತ್ತದೆ. ನಗಬೇಡಿ, ನಿಜ ಹೇಳುತ್ತಿದ್ದೇನೆ. ದಾರಿಯುದ್ದಕ್ಕೂ ಪರೀಕ್ಷೆ.

"ಲೇ ಥಿಯಾ, ನಾಲ್ಕನೇ ತಿದ್ದುಪಡಿ ಹೇಳು."

"ವಾರಂಟಿಲ್ದೆ ಸರ್ಕಾರ ಮನೆ ಶೋಧಿಸೋ ಹಾಗಿಲ್ಲ."

"ಮತ್ತೆ ನಿಮ್ಮಮ್ಮ ನಿನ್ ಡೈರಿ ಓದಿದ್ದು?"

"ನಮ್ಮಮ್ಮ ಸರ್ಕಾರ ಅಲ್ಲ ಆಂಟಿ."

"ಹೋಗಿ ನಿಮ್ಮಪ್ಪನ್ನ ಕೇಳು!"

ನಮ್ಮ ಮೇಷ್ಟ್ರು ಹ್ಯಾಸ್ಕೆಲ್, ಉದ್ದ ಕತ್ತಿನ ಸಾಧು ಮನುಷ್ಯ. ಒಂದು ದಿನ ಅವರು, ಈ ದೇಶದಲ್ಲಿ ಮೊದಲು ಎಷ್ಟೋ ಕಡೆ ಎಲ್ಲರೆದುರು ಬಾಯಿಬಿಟ್ಟೇ ಮತ ಹೇಳಬೇಕಿತ್ತು, ಗುಟ್ಟಿನ ಚೀಟಿ ಬಂದದ್ದು ಬಹಳ ತಡವಾಗಿ ಎಂದು ಹೇಳುತ್ತಿದ್ದರು. ಆಂಟಿ ಕೈ ಎತ್ತಿದರು.

"ಪಕ್ಕದ್ಮನೆಯವ್ರ ಮುಖ ನೋಡ್ಕೊಂಡು ಹೇಳಕ್ಕಾಗದ ಮಾತನ್ನ ಚೀಟಿಲಿ ಬರೆದ್ರೆ ಅದಕ್ಕೇನ್ ಬೆಲೆ ಸಾರ್? ನಮ್ಮೂರಲ್ಲಿ ಈಗ್ಲೂ ಕೂಗೇ ಹೇಳ್ತೀವಿ. ಯಾರಿಗೂ ಹೆದರಿಕೆ ಇಲ್ಲ."

"ಹೆದರಿಕೆ ಇಲ್ಲ ಅಂತ ನಿಮಗೆ ಹೇಗೆ ಗೊತ್ತು ಅರ್ವಿಲಾ?"

"ಯಾರೂ ಹೇಳಿಲ್ವಲ್ಲ!"

ತರಗತಿಯೆಲ್ಲ ನಕ್ಕಿತು. ಆಂಟಿ ಮಾತ್ರ ನಗಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಒಂದೂ ಪ್ರಶ್ನೆ ಕೇಳಲಿಲ್ಲ.

ಆ ಚಳಿಗಾಲ ನಮ್ಮೂರಲ್ಲಿ ಇದ್ದದ್ದು ಒಂದೇ ಮಾತು. ಊರಶಾಲೆಯನ್ನು ಮುಚ್ಚಿ, ಇದ್ದ ಮೂವತ್ತೆಂಟು ಮಕ್ಕಳನ್ನು ಕೆಳಗಿನ ಊರಿನ ದೊಡ್ಡ ಶಾಲೆಗೆ ಕಳಿಸಬೇಕೆಂದು ಕೆಲವರು ಹೊರಟಿದ್ದರು. ಆಂಟಿ ಕಲಿತದ್ದು ಆ ಶಾಲೆಯಲ್ಲಿ, ಅವರ ಅಮ್ಮ ಕಲಿಸಿದ್ದೂ ಅಲ್ಲೇ. ಅದನ್ನು ಉಳಿಸಲು ಅವರು ಹಿಮದಲ್ಲಿ ಮನೆಮನೆ ಅಲೆದರು. ಎಲ್ಲರೂ ಅವರನ್ನು ಒಳಗೆ ಕರೆದು, ಕಾಫಿ ಕೊಟ್ಟು, ಹೂಂ ಅಂದರು.

ನಾನೂ ಹೂಂ ಅಂದಿದ್ದೆ. ಆದರೆ ನನ್ನ ತಂಗಿ ಪರ್ಲ್‌ಗೆ ಹತ್ತು ವರ್ಷವಾದರೂ ಒಂದು ಸಾಲು ಓದಲು ಬರುತ್ತಿರಲಿಲ್ಲ. ಮೂರು ತರಗತಿಗೆ ಒಬ್ಬರೇ ಟೀಚರು. ಕೆಳಗಿನ ಶಾಲೆಯಲ್ಲಿ ಇಂಥ ಮಕ್ಕಳಿಗೆಂದೇ ಒಬ್ಬರಿದ್ದರು. ಇದನ್ನು ಆಂಟಿಗೆ ಹೇಳಲು ಪಿಕಪ್ಪಿನಲ್ಲಿ ಎಷ್ಟು ಸಲ ಬಾಯಿ ತೆರೆದೆನೋ, ಅಷ್ಟೇ ಸಲ ಡೋನಟ್ ತುರುಕಿಕೊಂಡೆ.

ಮಾರ್ಚಿನ ಮೊದಲ ಮಂಗಳವಾರ, ಊರಿನ ಮತದಾರರೆಲ್ಲ ಸೇರಿ ತೀರ್ಮಾನ ಮಾಡುವ ಊರಸಭೆ. ಶಾಲೆಯ ಸಭಾಂಗಣದಲ್ಲೇ ಸೇರಿದೆವು. ಹಿಂದಿನ ಮೇಜಿನ ಮೇಲೆ ಬೇಯಿಸಿದ ಬೀನ್ಸ್ ಕಾಳಿನ ಪಾತ್ರೆಗಳು, ಹಂದಿಮಾಂಸ, ಮೇಪಲ್ ಮರದ ಸಿಹಿಪಾಕದ ಕಡುಬುಗಳು. ನೆಲವೆಲ್ಲ ಬೂಟಿನ ಕೆಸರು. ಮುಚ್ಚಬೇಕು ಅನ್ನುವವರು ಹೂಂ ಅನ್ನಿ ಎಂದರು ಅಧ್ಯಕ್ಷರು. ಒಂದಷ್ಟು ದನಿ ಎದ್ದಿತು, ಅಳುಕುತ್ತ. ಬೇಡ ಅನ್ನುವವರು ಎಂದಾಗ ಕಿಟಕಿ ಅದುರುವಂತೆ ಕೂಗು. ಆಂಟಿಯ ದನಿ ಎಲ್ಲಕ್ಕಿಂತ ಮೇಲೆ. ನಾನು ಬಾಯಿ ಆಡಿಸಿದೆ ಅಷ್ಟೇ. ಶಾಲೆ ಉಳಿಯಿತು ಎಂದು ಅಧ್ಯಕ್ಷರು ಸಾರಿದರು.

ಆದರೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಕೂಗಿನ ಮೇಲೆ ಅನುಮಾನ ಬಂದು ಮತದಾರರಲ್ಲಿ ಏಳು ಜನ ನಿಂತು ಕೇಳಿದರೆ ಚೀಟಿ ಹಾಕಿಸಲೇಬೇಕು. ಆರೇ ಜನ ನಿಂತರೆ ಕೂಗೇ ಕಾಯಂ.

ಒಬ್ಬೊಬ್ಬರಾಗಿ ಆರು ಜನ ನಿಂತರು, ತಲೆ ತಗ್ಗಿಸಿಕೊಂಡು. ಅಧ್ಯಕ್ಷರು ಸುತ್ತ ನೋಡಿದರು. ಆಗ ಆಂಟಿಯ ಪಕ್ಕದ ಮನೆಯ ರಾಯ್ಸ್ ಪೆಲ್ಕಿ ಕುರ್ಚಿಯಿಂದ ಅರ್ಧ ಎದ್ದ. ಪ್ರತಿ ಚಳಿಗಾಲ ಅವರ ಅಂಗಳದ ಹಿಮ ತೆಗೆಯುತ್ತಿದ್ದವನು ಅವನೇ. ಆಂಟಿ ಅವನತ್ತ ನೋಡಿದರು. ಅವನು ಕೂತುಬಿಟ್ಟ. ನಾನೋ, ನನ್ನ ತಟ್ಟೆಯ ಕಡುಬನ್ನು ಹೊಸದಾಗಿ ಕಂಡವಳಂತೆ ನೋಡುತ್ತಾ ಕೂತಿದ್ದೆ. ಹೇಡಿ ಎಂದರೆ ಹೇಡಿ.

"ಆರೇ ಜನ. ಹಾಗಾದ್ರೆ ಮುಂದಿನ ವಿಷ್ಯಕ್ಕೆ..." ಎಂದರು ಅಧ್ಯಕ್ಷರು.

"ತಡೀರಿ" ಎಂಬ ದನಿ ನನ್ನ ಪಕ್ಕದಿಂದಲೇ ಬಂತು. ಆಂಟಿ ಎದ್ದು ನಿಂತಿದ್ದರು.

"ಅರ್ವಿಲಾ, ನೀವು ಗೆದ್ದಿದೀರಿ. ಕೂತ್ಕೊಳ್ಳಿ."

"ಗೊತ್ತು. ಏಳು ಜನ ಆಯ್ತು, ಎಣಿಸ್ಕೊಳ್ಳಿ."

ಸಭೆ ಗುಜುಗುಜು ಅಂದಿತು. ನಾನು ಅವರ ತೋಳು ಜಗ್ಗಿದೆ. "ಆಂಟಿ, ತಲೆ ಕೆಟ್ಟಿದ್ಯಾ ನಿಮ್ಗೆ?"

"ರಾಯ್ಸ್ ನನ್ ಮುಖ ನೋಡಿ ಕೂತ ಕಣೇ" ಅಂದರು ಮೆಲ್ಲಗೆ. "ನನ್ ಮುಖ ನೋಡಿ."

ಚೀಟಿ ಹಂಚಿದರು. ಪೆನ್ಸಿಲ್ ಹಿಡಿದು, ಅಂಗೈ ಅಡ್ಡ ಇಟ್ಟುಕೊಂಡು, ನಾನು ಹೂಂ ಎಂದು ಬರೆದೆ. ಆಂಟಿ ಪಕ್ಕದಲ್ಲೇ ಇದ್ದರು. ಬೇಕೆಂದೇ ಕಿಟಕಿಯ ಕಡೆ ತಿರುಗಿ ಕೂತಿದ್ದರು.

ಎಂಬತ್ತೆಂಟು ಹೂಂ, ಎಂಬತ್ತಾರು ಬೇಡ. ನಾನೊಬ್ಬಳು ಬೇರೆ ಬರೆದಿದ್ದರೆ ಸಮಸಮವಾಗಿ ಶಾಲೆ ಉಳಿಯುತ್ತಿತ್ತು. ಆಂಟಿ ಹಿಂದೆ ಹೋಗಿ, ಅಂಗಿಯ ತೋಳು ಮಡಚಿ, ಬೀನ್ಸ್ ಪಾತ್ರೆಗಳನ್ನು ತಿಕ್ಕತೊಡಗಿದರು. ಯಾರೂ ಅವರ ಹತ್ತಿರ ಹೋಗಲಿಲ್ಲ. ಗೆಳತಿಯರಲ್ಲಿ ಇಬ್ಬರು ಆಮೇಲೆ ಅವರೊಂದಿಗೆ ಮಾತೇ ಬಿಟ್ಟರು.

ಆ ಗುರುವಾರವೂ ಪಿಕಪ್ ನಮ್ಮ ಮನೆ ಮುಂದೆ ಬಂದು ಹಾರ್ನ್ ಹೊಡೆಯಿತು. ಪರೀಕ್ಷೆಯಲ್ಲಿ ಅವರಿಗೆ ನನಗಿಂತ ಹೆಚ್ಚು ಅಂಕ ಬಂತು, ಅದನ್ನು ಊರಿಗೆಲ್ಲ ಸಾರಿದರು. ಶರತ್ಕಾಲದಿಂದ ಮಕ್ಕಳನ್ನು ಕೆಳಗಿನ ಶಾಲೆಗೆ ಒಯ್ಯತೊಡಗಿದರು, ಇನ್ನೂ ಒಂಬತ್ತು ವರ್ಷ. ಬೀಗ ಹಾಕಿದ ಊರಶಾಲೆಯ ಮುಂದೆಯೇ ದಿನಕ್ಕೆರಡು ಸಲ ಬಸ್ಸು ಹಾಯಬೇಕಿತ್ತು. ಎರಡನೆಯ ವರ್ಷಕ್ಕೆ ಪರ್ಲ್ ದಾರಿಯ ಅಂಗಡಿ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಹೋಗುತ್ತಿದ್ದಳು. "ನಿನ್ ತಂಗಿ ನನ್ ತಲೆ ತಿಂತಾಳೆ" ಎಂದು ಆಂಟಿ ನನಗೆ ದೂರು ಹೇಳುತ್ತಿದ್ದರು. ನನಗೆ ನೆಲ ಬಿರಿದು ಒಳಗೆ ಸೇರಿಹೋದರೆ ಸಾಕು ಅನ್ನಿಸುತ್ತಿತ್ತು.

ನಾನು ವಕೀಲಳಾದೆ. ಅವರಿಗೆ ಎಪ್ಪತ್ತೊಂದಾದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರ ಜಗಲಿಯಲ್ಲಿ ಕೂತು ಇಬ್ಬರೂ ಬಟಾಣಿ ಬಿಡಿಸುತ್ತಿದ್ದೆವು. ಇನ್ನು ತಡೆಯಲಾಗಲಿಲ್ಲ.

"ಆಂಟಿ, ಅವತ್ತು ಚೀಟಿಲಿ ನಾನು..."

"ಸುಮ್ನಿರು!" ಎಂದು ಗದರಿದರು. ಬಸ್ಸಿನಲ್ಲಿ ಕೂಡ ಹಾಗೆ ಗದರಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ದನಿ ಇಳಿಸಿ, "ನೀನು ಈಗ ಹೇಳ್ಬಿಟ್ರೆ ನಾನ್ಯಾಕೇ ಎದ್ ನಿಂತಿದ್ದು ಅವತ್ತು?" ಅಂದರು.

ನನಗೆ ಅಳು ತಡೆಯಲಾಗಲಿಲ್ಲ, ಮಗುವಿನಂತೆ ಅತ್ತುಬಿಟ್ಟೆ. ಅವರು ಒಂದು ಸಲವೂ ತಲೆ ಎತ್ತದೆ, ನನ್ನ ಪಾಲಿನ ಬಟಾಣಿಯನ್ನೂ ತಮ್ಮ ಮಡಿಲಿಗೆ ಎಳೆದುಕೊಂಡು ಬಿಡಿಸುತ್ತಾ ಕೂತರು.