ಗುಡ್ಡಕ್ಕೆ ಬೆನ್ನು ಮಾಡಿ ನಿಂತ ಈರಣ್ಣ

ಬಾದಾಮಿಗೆ ಬಂದವರೆಲ್ಲ ಕೆಂಪು ಗುಡ್ಡದ ಕಡೆ ಮುಖ ಮಾಡಿ ಫೋಟೋ ತೆಗೆಯುತ್ತಾರೆ. ಗುಡ್ಡಕ್ಕೆ ಬೆನ್ನು ಮಾಡಿ, ಓಣಿಯ ಕಡೆ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದವರು ಊರಿಗೆಲ್ಲ ಒಬ್ಬರೇ, ಫೋಟೋದ ಈರಣ್ಣ. ಗವಿಗಳಿಗೆ ಹೊರಟ ಪ್ರವಾಸಿಗರು ಈ ಮನುಷ್ಯ ಏನು ನೋಡುತ್ತಿದ್ದಾನೆಂದು ತಾವೂ ಒಮ್ಮೆ ತಿರುಗಿ ನೋಡುತ್ತಿದ್ದರು. ಅಲ್ಲಿ ಇರುತ್ತಿದ್ದದ್ದು ಒಂದು ಹಳೇ ಬಾಗಿಲು, ಕಟ್ಟೆಯ ಮೇಲೆ ಶೇಂಗಾ ಸುಲಿಯುವ ಒಬ್ಬ ಅಜ್ಜಿ. ಅಷ್ಟೇ.

"ಇದು ರಾಜಧಾನಿ ಆಗಿತ್ತಪಾ," ಎನ್ನುತ್ತಿದ್ದರು ಈರಣ್ಣ. "ರಾಜರು ಕೊರಸಿದ್ದನ್ನ ಎಲ್ಲಾರೂ ನೋಡಿ ಹೋಗ್ತಾರ. ರಾಜಧಾನ್ಯಾಗ ಬಾಳೇವು ಮಾಡಿದವರ ಬಾಗಲಾ ಯಾರ ನೋಡಬೇಕು?"

ನಾನು ಗೌಂಡಿ. ಆರನೇ ಇಯತ್ತೆಗೆ ಸಾಲಿ ಬಿಟ್ಟವನು. ಮಾಸ್ತರರು ಪುಲಕೇಶಿಯ ವಿಷಯ ಕೇಳಿದಾಗ ಬಾಯಿ ಬಿಡದೆ ಅಂಗೈ ಮೇಲೆ ಏಟು ತಿಂದಿದ್ದೆ. ಅದೇ ಅಂಗೈಯಲ್ಲಿ ಕರಣಿ ಹಿಡಿದ ಮೇಲೆ ನನ್ನ ಕೆಲಸದಲ್ಲಿ ಯಾರೂ ಕುಂದು ಹೇಳಿಲ್ಲ. ಶಿವಯೋಗ ಮಂದಿರದ ದಾರಿಯಿಂದ ಕುಳಗೇರಿ ಕ್ರಾಸಿನವರೆಗೆ ನಾನು ಕಟ್ಟಿದ ಗೋಡೆಗಳು ಬಿರುಕಿಲ್ಲದೆ ನಿಂತಿವೆ. ಆದರೆ ಹೊಸದು ಕಟ್ಟುವವನು ಮೊದಲು ಹಳೆಯದನ್ನು ಕೆಡವಬೇಕು. ನಮ್ಮಿಬ್ಬರಿಗೆ ಗಂಟು ಬಿದ್ದದ್ದು ಅಲ್ಲೇ.

ಹೊಂಡದ ದಾರಿಯ ಓಣಿಯಲ್ಲಿ ಹಾರೆ ಹಿಡಿದು ಒಂದು ಮನೆಯ ಮಾಳಿಗೆ ಬಿಚ್ಚುತ್ತಿದ್ದೆ. ಕೆಳಗಿನಿಂದ ಕೂಗು ಬಂತು.

"ಲೇ ಗೌಂಡಿ, ಹಾರಿ ಕೆಳಗಿಡು."

"ಯಾಕ್ರಿ, ಮನಿ ನಿಮ್ಮದೇನು?"

"ಮನಿ ನಂದಲ್ಲ. ಬಾಗಲಾ ನಮ್ಮಪ್ಪಂದು."

ತಲೆ ಕೆಟ್ಟವನಿರಬೇಕು ಅಂದುಕೊಂಡು ಕೆಳಗಿಳಿದೆ. ಅವರು ಪ್ಲಾಸ್ಟಿಕ್ ಚೀಲದಿಂದ ಒಂದು ಕಪ್ಪುಬಿಳುಪು ಫೋಟೋ ತೆಗೆದು ತೋರಿಸಿದರು. ಅದೇ ಬಾಗಿಲು, ಅದರ ಮುಂದೆ ತುಂಬಿದ ಮನೆಮಂದಿ. ಈರಣ್ಣನ ತಂದೆಯೂ ಫೋಟೋದವರೇ. ಅವರು ಒಂದು ಕಾಲಕ್ಕೆ ಆ ಓಣಿಯ ಪ್ರತಿ ಬಾಗಿಲಿನ ಮುಂದೆ ಮನೆಯವರನ್ನು ನಿಲ್ಲಿಸಿ ಫೋಟೋ ತೆಗೆದಿದ್ದರು. ಅವನ್ನೆಲ್ಲ ಅದೇ ಜಾಗದಿಂದ ಇನ್ನೊಮ್ಮೆ ತೆಗೆಯಬೇಕೆಂಬುದು ಮಗನ ಹಟ. ನನ್ನಂಥವರು ಕೆಡವುವ ಮೊದಲೇ ಆಗಬೇಕು.

"ನೀ ಒಂದ್ ಚಾ ಕುಡಿ. ಅಷ್ಟರಾಗ ಮುಗಸ್ತೇನಿ," ಎಂದರು.

ಚಹಾ ಕುಡಿದೆ. ಮಧ್ಯಾಹ್ನದ ರೊಟ್ಟಿಯನ್ನೂ ತಿಂದೆ. ಯಾಕೆಂದರೆ ಮನುಷ್ಯರಿಲ್ಲದ ಮನೆಯ ಫೋಟೋ ಅವರು ತೆಗೆಯುತ್ತಿರಲಿಲ್ಲ. ಆ ಮನೆಯವರು ಆಗಲೇ ಸ್ಟೇಷನ್ ರಸ್ತೆಯ ಬಾಡಿಗೆ ಮನೆ ಸೇರಿದ್ದರು. ಈರಣ್ಣ ಅಲ್ಲಿಗೆ ಹೋಗಿ, ಒಲೆಯ ಮುಂದಿದ್ದವರನ್ನೂ ಬಿಡದೆ ಎಬ್ಬಿಸಿಕೊಂಡು ಬಂದರು. ನಾನು ಸಿಡುಕಿದಾಗ ಹೇಳಿದರು: "ಮಂದಿ ಇಲ್ಲದ ಬಾಗಲಾ ತಗದ್ರ ಅದು ಕಟಗಿ ಫೋಟೋ ಆಕ್ಕೈತಿ. ಕಟಗಿ ನೋಡಾಕ ಕಟಗಿ ಅಡ್ಡೆಗೆ ಹೋದ್ರ ಆತಲ್ಲ."

ಆಮೇಲೆ ಆ ಓಣಿಯಲ್ಲಿ ಯಾವ ಮನೆ ಕೆಡವುವುದಿದ್ದರೂ ಮೊದಲು ಅವರಿಗೆ ಹೇಳಿ ಕಳಿಸುವುದು ರೂಢಿಯಾಯಿತು. ಕೆಲಸವಿಲ್ಲದ ಸಂಜೆ ನನ್ನನ್ನೂ ಸುತ್ತಲು ಕರೆದೊಯ್ಯುತ್ತಿದ್ದರು. ಕೈಯಲ್ಲಿ ಅಪ್ಪನ ಫೋಟೋ. ಅದನ್ನು ನೋಡುತ್ತ ಹಿಂದೆ ಮುಂದೆ ಸರಿದು, ಚಪ್ಪಲಿ ಬಿಟ್ಟು, ಹಿಮ್ಮಡದಿಂದ ನೆಲ ಒತ್ತಿ, "ಇಲ್ಲೇ. ಅಪ್ಪ ಇಲ್ಲೇ ನಿಂತಿದ್ದ," ಎನ್ನುತ್ತಿದ್ದರು. ಅಲ್ಲಿಂದ ನೋಡಿದರೆ ಮೊಬೈಲ್ ಅಂಗಡಿಯ ಫಲಕದ ಹಿಂದೆ ಬಳೆಗಾರರು ಕೂಡುತ್ತಿದ್ದ ಕಟ್ಟೆ ಕಾಣಿಸುತ್ತಿತ್ತು. ದನದ ಕೊಟ್ಟಿಗೆಯ ಮೂಲೆಗಲ್ಲು ಯಾವುದೋ ಹಾಳುಗುಡಿಯ ಕಂಬದ ತುಂಡು ಎಂದು ತಿಳಿಯುತ್ತಿತ್ತು. ಹುಟ್ಟಿದಾಗಿನಿಂದ ತುಳಿದ ಓಣಿ. ನಾನು ಅದರ ಗೋಡೆಗಳನ್ನು ನೋಡಿದ್ದೆ, ಊರನ್ನು ನೋಡಿರಲಿಲ್ಲ.

ಫೋಟೋ ತೆಗೆಯುವಾಗ ಅವರು ಯಾರಿಗೂ ನಗಲು ಹೇಳಿದವರಲ್ಲ. ನಮ್ಮ ಜನ ಕ್ಯಾಮೆರಾ ಕಂಡರೆ ಉಸಿರು ಹಿಡಿದು ಎದೆಯುಬ್ಬಿಸಿ ನಿಲ್ಲುತ್ತಾರೆ. ಈರಣ್ಣ ಸುಮ್ಮನೆ ಕಾಯುತ್ತಿದ್ದರು. "ಉಸರು ಬಿಡ್ರಿ. ಹಿಂಗ ಬಿಗದ ನಿಂತ್ರ ಪೊಲೀಸ್ ಸ್ಟೇಷನ್ ಗ್ವಾಡಿಗೆ ಹಚ್ಚೂ ಫೋಟೋ ಆಕ್ಕಾವು." ಯಾರಾದರೊಬ್ಬರು ನಗುತ್ತಿದ್ದರು, ಎಲ್ಲರ ಭುಜ ಇಳಿಯುತ್ತಿತ್ತು. ಆಗ ಒತ್ತುತ್ತಿದ್ದರು.

ಹೋದ ವರ್ಷ ಒಂದು ಸಂಜೆ ಅವರ ಹಿಮ್ಮಡ ತಪ್ಪಿತು. ಫೋಟೋದಲ್ಲಿ ಬಲಗಡೆ ಇರಬೇಕಾದ ಕಂಬ ನೇರ ಎದುರಿಗಿತ್ತು. ನಾನು ಹೇಳಿದೆ. ಅವರು ಕಟ್ಟೆಯ ಮೇಲೆ ಕುಳಿತರು.

"ಎರಡೂ ಕಣ್ಣಾಗ ಮಂಜು ಕುಂತೈತಿ ಬಸು. ಬಾಗಲಕೋಟಿ ದವಾಖಾನ್ಯಾಗ ನೋಡ್ಯಾರ. ಸಕ್ಕರಿ ಬ್ಯಾನಿ ತಿಂದದ್ದು, ಮೊದಲಿನಂಗ ಆಗೂದಿಲ್ಲಂತ."

"ಹಂಗಾರ ಸಾಕು ಮಾಡ್ರಿ ಈರಣ್ಣ."

"ಒಂದ ಬಾಗಲಾ ಉಳದೈತಿ. ಗಂಗವ್ವಂದು. ಅದೊಂದು ಆಗಲಿ."

ಗಂಗವ್ವನ ಮನೆಯ ಕೆಲಸ ನನ್ನ ಕೈಯಲ್ಲೇ ಇತ್ತು. ಹಿತ್ತಲ ಗೋಡೆ ಹೊಟ್ಟೆಬಿಟ್ಟು, ಮಳೆಗಾಲ ದಾಟುವಂತಿರಲಿಲ್ಲ. ಆಕೆಯ ಮಗ ಹುನಗುಂದದಲ್ಲಿ ಮಾಸ್ತರ. ಕುಳಗೇರಿ ಕ್ರಾಸ್ ಕಡೆ ಜಾಗ ಹಿಡಿದು ಹೊಸ ಮನೆ ಶುರುಮಾಡಿಸಿದ್ದ. ಹಳೇ ಮನೆಯ ತಲಬಾಗಿಲ ಚೌಕಟ್ಟನ್ನು ಕೆಡದಂತೆ ಬಿಚ್ಚಿ ಅಲ್ಲಿ ನಿಲ್ಲಿಸಬೇಕೆಂಬುದು ಮಾತು. ಸಾಗವಾನಿ ಚೌಕಟ್ಟು, ಎರಡೂ ಕಡೆ ಕೆತ್ತಿದ ಗಿಣಿಗಳು, ತಲೆತಲಾಂತರದ ಎಣ್ಣೆ ಹೊಗೆ ಕುಡಿದು ಕಪ್ಪಗೆ ಮಿರುಗುತ್ತಿತ್ತು. ಸೋಮವಾರ ಕೆಡವುವುದು, ರವಿವಾರ ಮುಂಜಾನೆ ಫೋಟೋ ಎಂದು ಗೊತ್ತಾಯಿತು.

ರವಿವಾರ ನಾನು ಹೋಗಿ ಬಾಗಿಲು ನೋಡಿದೆ. ಚೌಕಟ್ಟು, ಗಿಣಿ, ಹೊಸ್ತಿಲು ಎಲ್ಲವೂ ಆಕಾಶನೀಲಿ. ಎಣ್ಣೆಬಣ್ಣದ ವಾಸನೆ ಓಣಿಗೆಲ್ಲ ಹಬ್ಬಿತ್ತು.

"ಏನ್ ಮಾಡಿದಿ ಯವ್ವಾ," ಅಂದೆ.

"ಫೋಟೋ ತಗಸ್ಕೊಳ್ಳಾಕ ಹೊಲಸ ಬಾಗಲಾ ಮುಂದ ನಿಂದರ್ಲೇನು?" ಗಂಗವ್ವ ಹೊಸ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡಳು. "ನಿನ್ನಿ ನಾನ ಹಚ್ಚೇನಿ. ಛಲೋ ಕಾಣ್ತೈತಿ."

ಎದುರು ಮನೆಯ ಸಂಗಪ್ಪ ಹಲ್ಲುಜ್ಜುತ್ತ ನಕ್ಕ. "ಬಸ್ಯಾ, ಇವತ್ತ ನಿಮ್ಮ ಈರಣ್ಣ ಕ್ಯಾಮೆರಾ ಹೊಂಡಕ್ಕ ಒಗೀತಾನ ನೋಡಲೇ."

ಈರಣ್ಣ ಬಂದರು. ಬಾಗಿಲು ಅವರಿಗೆ ಸ್ಪಷ್ಟ ಕಾಣುತ್ತಿಲ್ಲವೆಂದು ನಡಿಗೆಯಲ್ಲೇ ತಿಳಿಯಿತು. ಹೇಳಬೇಕೆನ್ನುವಷ್ಟರಲ್ಲಿ ಚೌಕಟ್ಟಿನ ಮೇಲೆ ಅಂಗೈ ಊರಿಬಿಟ್ಟಿದ್ದರು. ಬಣ್ಣ ಇನ್ನೂ ಹಸಿ. ಕೈ ತೆಗೆದು ಮೂಸಿ ನೋಡಿಕೊಂಡರು. ಸಂಗಪ್ಪನ ಬಾಯಿಯ ಬ್ರಷ್ ನಿಂತಿತು.

"ಯಾವ ಬಣ್ಣಾ ಅಕ್ಕಾ?"

"ಆಕಾಶನೀಲಿ."

ಈರಣ್ಣ ಬಣ್ಣದ ಕೈಯನ್ನು ಅಂಗಿಗೆ ತಾಗದಂತೆ ದೂರ ಹಿಡಿದರು. ಆಮೇಲೆ ಇನ್ನೊಂದು ಕೈಯಿಂದ ಅಪ್ಪನ ಫೋಟೋ ತೆಗೆದು ನನಗೆ ಕೊಟ್ಟರು. "ಬಾಗಲಾ ಸಂದ್ಯಾಗ ಒಂದು ಕೈ ಐತಿ. ಅಕ್ಕಗ ತೋರ್ಸು. ಯಾರದಂತ ಕೇಳು."

ಫೋಟೋದಲ್ಲಿ ಮುಂದೆ ಅತ್ತೆ, ಮಾವ, ಗಂಡಸರು, ಮಕ್ಕಳು. ಹಿಂದೆ ಕದದ ಅಂಚಿನಲ್ಲಿ ಬಳೆ ತುಂಬಿದ ಒಂದು ಕೈ ಮಾತ್ರ. ಮುಖವಿಲ್ಲ.

ಗಂಗವ್ವ ಬಹಳ ಹೊತ್ತು ನೋಡಿದಳು. "ನಂದ. ಆಗಿನ್ನ ಮದಿವ್ಯಾಗಿ ಬಂದಿದ್ದೆ. ಅತ್ತಿ ಒಳಗ ನಿಂದ್ರು ಅಂದ್ರು. ಹಣಿಕಿ ಹಾಕಿದ್ದೆ. ಫೋಟೋದಾಗ ಬಂದೇನಿಲ್ಲೋ ಅಂತ ಯಾರೂ ತೋರಸ್ಲಿಲ್ಲ."

"ಕೈ ಬಂದಿತ್ತು," ಎಂದರು ಈರಣ್ಣ. "ಇವತ್ತ ಪೂರ್ತಿ ಬಾ ಅಕ್ಕಾ. ನಟ್ಟ ನಡಬರಕ ನಿಂದ್ರು. ನೀನ ಹಚ್ಚಿದ ಬಣ್ಣಾ, ನಿಂದ ಬಾಗಲಾ."

ಮಗ, ಸೊಸೆ, ಮೊಮ್ಮಕ್ಕಳು ಅಕ್ಕಪಕ್ಕ ನಿಂತರು. ಈರಣ್ಣ ಹಿಮ್ಮಡ ಒತ್ತಿ ಜಾಗ ಹಿಡಿದರು. ಈ ಸಲ ತಪ್ಪಲಿಲ್ಲ. ಆದರೆ ಕ್ಯಾಮೆರಾದೊಳಗೆ ಎಷ್ಟು ಹೊತ್ತು ನೋಡಿದರೂ ಒತ್ತಲಿಲ್ಲ. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು, "ಒಳಗ ನೋಡಿ ಹೇಳು. ಅಕ್ಕನ ಹಣಿ ಮ್ಯಾಲಿನ ವಿಭೂತಿ ಕಾಣ್ತೈತೇನು?"

ನಾನು ಇಣುಕಿದೆ. ಅವರು ಬೆರಳಿನಿಂದ ಲೆನ್ಸ್ ತಿರುಗಿಸುತ್ತ ಹೋದರು. ಮಸುಕಾಗಿದ್ದ ಮೂರು ಬೆರಳಿನ ವಿಭೂತಿ ಒಂದು ಗಳಿಗೆಯಲ್ಲಿ ಗೆರೆಗೆರೆಯಾಗಿ ಎದ್ದಿತು. "ಈಗ ಕಾಣ್ತೈತ್ರಿ," ಎಂದೆ.

"ಉಸರು ಬಿಡ್ರಿ," ಎಂದು ಈರಣ್ಣ ಕೂಗಿದರು.

ಅದೇ ಅವರು ತೆಗೆದ ಕಡೆಯ ಫೋಟೋ. ಅದು ತೊಳೆದು ಬಂದಾಗ ನಾನು ಅವರ ಸ್ಟುಡಿಯೋದಲ್ಲಿದ್ದೆ. ಅಷ್ಟೊತ್ತಿಗೆ ಅವರಿಗೆ ಬೆಳಕು ನೆರಳು ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಫೋಟೋದ ಅಂಚು ಸವರುತ್ತ ಕೇಳಿದರು, "ಉಸರು ಬಿಟ್ಟಾಳೇನು?"

"ಬಿಟ್ಟಾರ್ರಿ. ನಗಾಕತ್ತಾರ."

"ಹಂಗಾರ ಆತು." ಅಪ್ಪನ ಫೋಟೋ ಕೆಳಗೆ, ತಮ್ಮದು ಮೇಲೆ ಇಟ್ಟು ಚೀಲದೊಳಗೆ ಸೇರಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಚಳಿಗಾಲ ಮುಗಿಯುವುದರೊಳಗೆ ತೀರಿಹೋದರು.

ಗಂಗವ್ವನ ಚೌಕಟ್ಟು ಈಗ ಹೊಸ ಮನೆಯಲ್ಲಿ ನಿಂತಿದೆ. ನಿಲ್ಲಿಸುವ ದಿನ, ಎಡಗಂಬದ ಮೇಲೆ ಒಣಗಿ ಕುಳಿತಿದ್ದ ಈರಣ್ಣನ ಅಂಗೈ ಗುರುತನ್ನು ತಿಕ್ಕಿ ಮೇಲೊಂದು ಕೈ ಬಣ್ಣ ಎಳೆಯಲು ಹೋದೆ. ನನ್ನ ಕೆಲಸದಲ್ಲಿ ಕಲೆ ಉಳಿದದ್ದಿಲ್ಲ. ಗಂಗವ್ವ ಬ್ರಷ್ ಕಸಿದುಕೊಂಡಳು.

"ಆವತ್ತ ನಿಂತವರೆಲ್ಲಾ ಫೋಟೋದಾಗ ಬಂದೇವಿ," ಎಂದಳು. "ಅಂವಂದು ಕೈಯಾದ್ರೂ ಇರ್ಲಿ."