ಅತ್ತಿಬೆಲೆಯವರೆಗೆ ಕನ್ನಡ

ಭೂಪಟದಲ್ಲಿ ರಾಜ್ಯದ ಗಡಿಗೆ ಚುಕ್ಕೆಗೆರೆ ಎಳೆದಿರುತ್ತಾರೆ. ರಸ್ತೆಯ ಮೇಲೆ ಅಂಥ ಗೆರೆಯನ್ನು ನಾನು ಈವರೆಗೆ ಕಂಡಿಲ್ಲ. ಅತ್ತಿಬೆಲೆ ದಾಟಿದೊಡನೆ ಡಾಂಬರಿನ ಬಣ್ಣ ಬದಲಾಗುವುದಿಲ್ಲ, ಲಾರಿಗಳ ಹಾರ್ನಿನ ಅಪಸ್ವರವೂ ಅದೇ. ಅಂಗಡಿ ಬೋರ್ಡುಗಳ ಅಕ್ಷರ ಮಾತ್ರ ದುಂಡಗಿನಿಂದ ಚೌಕಕ್ಕೆ ತಿರುಗಿ, ಓದುಬಲ್ಲ ಮನುಷ್ಯನನ್ನು ಒಂದೇ ನಿಮಿಷದಲ್ಲಿ ನಿರಕ್ಷರಿಯನ್ನಾಗಿ ಮಾಡಿಬಿಡುತ್ತದೆ. ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇತರರ ಕಾಗುಣಿತ ತಿದ್ದಿದ ನನ್ನಂಥವನಿಗೆ ಇದೇನು ಸಣ್ಣ ಶಿಕ್ಷೆಯಲ್ಲ. ಆದರೂ ವರ್ಷಕ್ಕೊಮ್ಮೆ ಅದನ್ನು ಸಂತೋಷದಿಂದಲೇ ಅನುಭವಿಸುತ್ತಿದ್ದೆ. ಆಗ ನನ್ನ ಎಡಗಿವಿಯ ಬಳಿ ಹೆಂಡತಿ ಸೆಲ್ವಿ ಇರುತ್ತಿದ್ದಳು.

ನಾನು ಶಿವಮೊಗ್ಗದ ಕೋಟೆಯ ಕಡೆಯವನು, ಅವಳು ಭದ್ರಾವತಿಯವಳು. ಅವಳ ತಾತ ಕಬ್ಬಿಣದ ಕೆಲಸಕ್ಕೆಂದು ಧರ್ಮಪುರಿಯ ಕಡೆಯಿಂದ ಬಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನೆಲೆಯಾದವರು. ಎರಡೂ ಊರುಗಳ ನಡುವೆ ಇರುವುದು ಮಾಚೇನಹಳ್ಳಿಯ ಒಂದಿಷ್ಟು ವರ್ಕ್‌ಶಾಪುಗಳು, ಅರ್ಧ ಮುಕ್ಕಾಲು ಗಂಟೆಯ ಬಸ್ಸು. ಆದರೂ ಮದುವೆಯ ಮಾತು ಬಂದಾಗ ನನ್ನ ಚಿಕ್ಕಪ್ಪ, “ಅಷ್ಟು ದೂರದ ಸಂಬಂಧ ಯಾಕೆ ಮಾರಾಯ?” ಎಂದಿದ್ದರು. ಅವರು ಅಳೆದದ್ದು ರಸ್ತೆಯನ್ನಲ್ಲವೆಂದು ನನಗೂ ಗೊತ್ತಿತ್ತು.

ಸೆಲ್ವಿಯ ಮನೆಯವರು ವರ್ಷಕ್ಕೊಮ್ಮೆ ಒಂದೇ ಕಾರಿನಲ್ಲಿ ತುಂಬಿಕೊಂಡು ಧರ್ಮಪುರಿ ಕಡೆಯ ಕುಲದೈವದ ಗುಡಿಗೆ ಹೋಗಿ, ಪೊಂಗಲ್ ಇಟ್ಟು ಬರುವುದು ವಾಡಿಕೆ. ಆ ಕಾರಿಗೆ ಸೆಲ್ವಿ ಒಂದು ಕಾನೂನು ಮಾಡಿದ್ದಳು: ಅತ್ತಿಬೆಲೆಯವರೆಗೆ ಕನ್ನಡ, ಆಮೇಲೆ ತಮಿಳು. ಗಡಿ ದಾಟಿದ್ದೇ ತಡ, ತರೀಕೆರೆಯಿಂದ ಬಾಯಿ ಬಿಗಿಹಿಡಿದಿದ್ದ ಅತ್ತೆ ಮಾತಿನ ತೂಬು ತೆಗೆಯುತ್ತಿದ್ದರು. ಎಲ್ಲರೂ ನಗುವರು. ಸೆಲ್ವಿ ನನ್ನತ್ತ ವಾಲಿ ಅರ್ಥ ಪಿಸುಗುಡುವಳು. ಆಮೇಲೆ, ಐದಾರು ಕ್ಷಣ ತಡವಾಗಿ, ನಾನೊಬ್ಬನೇ ನಗುವೆನು. “ಭಾವನ ನಗು ಹಳ್ಳಿಗೆ ಬರೋ ಪೇಪರ್ ಇದ್ದಂಗೆ, ಮಧ್ಯಾಹ್ನದ ಬಸ್ಸಿಗೇ ಬರೋದು” ಎಂದು ಭಾಮೈದ ಮುರುಗೇಶ ಛೇಡಿಸುತ್ತಿದ್ದ. ಇಷ್ಟು ವರ್ಷದಲ್ಲಿ ತಮಿಳು ಕಲಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸೋಮಾರಿತನ ಎಂಬುದು ಅರ್ಧ ಉತ್ತರ. ಕಲಿತಿದ್ದರೆ ಅವಳು ವಾಲುವ ಪ್ರಮೇಯವೇ ಇರುತ್ತಿರಲಿಲ್ಲ ಎಂಬುದು ಉಳಿದರ್ಧ.

ಕಳೆದ ವರ್ಷ ಸೆಲ್ವಿ ತೀರಿಕೊಂಡಳು. ನಮಗೆ ಮಕ್ಕಳಿಲ್ಲ, ಆ ಮನೆಗೂ ನನಗೂ ಇದ್ದ ಕೊಂಡಿ ಅವಳೊಬ್ಬಳೇ. ಈ ಸಲ ಕರೆ ಬಾರದೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿರುವಾಗ ಮುರುಗೇಶ ಫೋನ್ ಮಾಡಿದ. “ಭಾನುವಾರ ಆರು ಗಂಟೆ ಒಳಗೆ ಬಂದ್ಬಿಡಿ ಭಾವ. ನೀವಿಲ್ದೆ ಅಮ್ಮ ಕಾರ್ ಹತ್ತಲ್ವಂತೆ.” ಮೊದಲ ಬಸ್ಸಿನಲ್ಲಿ ಭದ್ರಾವತಿಗೆ ಹೊರಟೆ. ಒಬ್ಬನೇ ಆ ಮನೆಗೆ ಹೋಗುತ್ತಿದ್ದುದು ಅದೇ ಮೊದಲು. ನಾನಿನ್ನೂ ಆ ಮನೆಯವನೋ, ಅಥವಾ ಕರೆದರೆ ಬರುವ ಪರಿಚಯದವನೋ? ಮಾಚೇನಹಳ್ಳಿ ದಾಟುವಾಗ ತಲೆಯಲ್ಲಿ ಇದ್ದದ್ದು ಇದೊಂದೇ.

ಕಾರಿನಲ್ಲಿ ಮುಂದೆ ಮುರುಗೇಶ ಮತ್ತು ಅವನ ಹೆಂಡತಿ ಲತಾ. ಹಿಂದೆ ನಾನು, ಅತ್ತೆ. ನಮ್ಮಿಬ್ಬರ ನಡುವೆ, ಸೆಲ್ವಿ ಕೂರುತ್ತಿದ್ದಲ್ಲಿ, ಪೊಂಗಲಿನ ಅಕ್ಕಿ ಬೆಲ್ಲದ ಚೀಲ. ಅತ್ತಿಬೆಲೆ ಬಂತು, ಹೋಯಿತು. ಯಾರೂ ತಮಿಳಿಗೆ ತಿರುಗಲಿಲ್ಲ. “ಬಿಸಿಲು ಜಾಸ್ತಿ ಅಲ್ವಾ ಭಾವ?” ಎಂದ ಮುರುಗೇಶ. “ಟೀ ಕುಡೀತೀರಾ ಅಣ್ಣ?” ಎಂದಳು ಲತಾ. ಕನ್ನಡವನ್ನು ತರಕಾರಿ ಅಂಗಡಿಗೆ ಮಾತ್ರ ಬಳಸುವ ಅತ್ತೆ ಕೂಡ ಪದಗಳನ್ನು ಹೆಕ್ಕಿ ಹೆಕ್ಕಿ ನನ್ನ ಬಿಪಿ ವಿಚಾರಿಸಿದರು. ಹೊಸೂರು ದಾಟುತ್ತ ನಾವು ಮಳೆ, ರಸ್ತೆ, ಪೆಟ್ರೋಲುಗಳ ಕುರಿತು ಅಚ್ಚುಕಟ್ಟಾಗಿ ಸಂಭಾಷಿಸಿದೆವು. ಒಬ್ಬರೂ ನಗಲಿಲ್ಲ. ಮನೆಗೆ ಬಂದ ನೆಂಟನಿಗೆ ಸೋಫಾ ಬಿಟ್ಟುಕೊಟ್ಟು ತಾವು ನಿಂತುಕೊಳ್ಳುವವರಂತೆ, ಅವರು ನನಗೆ ತಮ್ಮ ಇಡೀ ದಾರಿಯನ್ನೇ ಬಿಟ್ಟುಕೊಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹಾಗೆ ನಿಶ್ಚಯಿಸಿಕೊಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಅಷ್ಟು ಒಂಟಿತನ ನನಗೆ ಖಾಲಿ ಮನೆಯಲ್ಲೂ ಆಗಿರಲಿಲ್ಲ.

ಕೃಷ್ಣಗಿರಿಯ ಗುಡ್ಡಗಳು ಕಾಣುವ ಹೊತ್ತಿಗೆ ತಡೆಯಲಾಗಲಿಲ್ಲ. “ಮುರುಗೇಶ, ಅತ್ತಿಬೆಲೆ ದಾಟಿ ಎಷ್ಟು ಹೊತ್ತಾಯ್ತು? ಕಾನೂನು ಮುರೀತಿದೀರಿ.”

“ಅಕ್ಕ ಇಲ್ವಲ್ಲ ಭಾವ. ನಿಮಗೆ ಹೇಳೋರ್ಯಾರು?”

“ಹೇಳೋದು ಬೇಡ. ನೀವು ಮಾತಾಡಿ.”

ಮುರುಗೇಶ ಕನ್ನಡಿಯಲ್ಲಿ ಅಮ್ಮನ ಮುಖ ನೋಡಿದ. ಆಮೇಲೆ ಅತ್ತೆ, ಕಿಟಕಿಯ ಕಡೆ ಮುಖ ಮಾಡಿಯೇ, ತಮಿಳಿನಲ್ಲಿ ಒಂದು ಉದ್ದದ ಮಾತು ಬಿಟ್ಟರು. ಲತಾ ಬಾಯಿಗೆ ಸೆರಗು ಒತ್ತಿಕೊಂಡಳು. ಮುರುಗೇಶ ನಗಲಿಕ್ಕೆಂದೇ ಕಾರನ್ನು ನಿಧಾನ ಮಾಡಿದ. ನಾನೂ ನಕ್ಕೆ, ಎಂದಿನಂತೆ ತಡವಾಗಿ.

“ಏನು ಮಾಪ್ಳೆ, ಅರ್ಥ ಆಯ್ತಾ?” ಅಳಿಯನಾದ ನನ್ನನ್ನು ಅತ್ತೆ ಕರೆಯುವುದೇ ಹಾಗೆ.

“ಇಲ್ಲ ಅತ್ತೆ.”

“ಮತ್ತೆ ನಗು ಯಾಕೆ?”

“ಅಭ್ಯಾಸ.”

ಲತಾ ಹಿಂತಿರುಗಿ ನೋಡಿದಳು. “ಇಷ್ಟು ವರ್ಷ ಆದ್ರೂ ನಾಲ್ಕು ಮಾತು ಕಲೀಲಿಲ್ಲ, ಇವ್ರು ಪೇಪರ್‌ನವ್ರಂತೆ, ನಮ್ಮ ಕ್ವಾರ್ಟರ್ಸ್‌ ಎಮ್ಮೆಗಾದ್ರೂ ಎರಡು ಭಾಷೆ ಬರ್ತಿತ್ತು, ಅಂದ್ರು ಅತ್ತೆ, ಅಣ್ಣ. ಪ್ರತಿ ವರ್ಷ ಇದನ್ನೇ ಹೇಳ್ತಾರಲ್ಲ. ಅಕ್ಕ ಹೇಳಿಲ್ವಾ?”

ಹೇಳಿದ್ದಳು. ಪ್ರತಿ ವರ್ಷ, ಈ ನಗುವಿನ ನಡುವೆಯೇ. “ಅಳಿಯಂದ್ರು ಎಷ್ಟು ಗಂಭೀರ, ಅಂಥವ್ರು ಸಿಗೋದು ನಮ್ಮ ಪುಣ್ಯ, ಅಂತಿದಾಳೆ ಅಮ್ಮ” ಎಂದು. ನಾನು ಪ್ರತಿ ವರ್ಷ ಅತ್ತೆಯ ಕಡೆ ತಿರುಗಿ ವಿನಯದಿಂದ ಕೈಮುಗಿದಿದ್ದೆ.

ಅದನ್ನು ಹೇಳಿದೆ. “ಅದಕ್ಕೇನಾ ಭಾವ ನೀವು ಕೈ ಮುಗೀತಿದ್ದದ್ದು!” ಎಂದು ಮುರುಗೇಶ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿಯೇ ಬಿಟ್ಟ. ಅತ್ತೆ ನಗುತ್ತ ಅಕ್ಕಿಯ ಚೀಲದ ಮೇಲೆ ತಲೆಯಿಟ್ಟರು. ಮೇಲೆತ್ತಿದಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಮೊದಲ ಬಾರಿಗೆ ಅವರೊಡನೆ, ಅವರದೇ ಹೊತ್ತಿಗೆ ನಕ್ಕೆ. ನೆಂಟನನ್ನು ಯಾರೂ ಎದುರಿಗೇ ಎಮ್ಮೆಗೆ ಹೋಲಿಸುವುದಿಲ್ಲ. ಬಸ್ಸಿನಲ್ಲಿ ಹೊತ್ತು ತಂದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಕಾರು ಹೊರಟಿತು. ಅವರು ತಮಿಳಿನಲ್ಲಿ ಮಾತು ಮುಂದುವರಿಸಿದರು. ನಾನು ಸುಮ್ಮನೆ ಗುಡ್ಡ ನೋಡುತ್ತ ಕುಳಿತೆ. ಇಷ್ಟು ವರ್ಷಗಳಲ್ಲಿ ಸೆಲ್ವಿ ಇನ್ನೇನೇನನ್ನು ತಿದ್ದಿ ಹೇಳಿದ್ದಾಳೋ, ಮುರುಗೇಶನನ್ನು ಕೇಳಿದ್ದರೆ ಒಂದೊಂದಾಗಿ ಹೇಳುತ್ತಿದ್ದ. ಕೇಳಲಿಲ್ಲ. ಮೂಲಪ್ರತಿಯನ್ನು ನೋಡದೆ ಯಾವುದನ್ನೂ ಒಪ್ಪಬಾರದೆಂದು ಹೊಸ ವರದಿಗಾರರಿಗೆ ಪಾಠ ಹೇಳುತ್ತಿದ್ದವನು ನಾನೇ. ಇದೊಂದು ಮಾತ್ರ ಅವಳು ತಿದ್ದಿದ ಹಾಗೆಯೇ ಇರಲಿ.