ಗೋಧಿ ಸೋಕದ ಮಡಿ

ಆಚೆಮನೆ ಅಮ್ಮನ ಬೆರಳ ತುದಿಗಳು ಯಾವಾಗಲೂ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ದಿನವಿಡೀ ನೀರಿನಲ್ಲೇ ಕೈ. ಬಾವಿಯಿಂದ ಸೇದಿ ಪಾತ್ರೆ ತೊಳೆಯುವುದು, ಪಾತ್ರೆ ಇಡುವ ಕಟ್ಟೆ ತೊಳೆಯುವುದು, ಕಟ್ಟೆ ತೊಳೆದ ಕೈಯನ್ನು ಮತ್ತೆ ತೊಳೆಯುವುದು. ಬೇಸಿಗೆಯಲ್ಲಿ ಹೊನ್ನಾವರದ ಎಷ್ಟೋ ಬಾವಿಗಳ ನೀರು ಉಪ್ಪಾಗಿ, ಉಳಿದವುಗಳ ತಳ ಕಾಣುವಾಗಲೂ ಅವರ ಕೈ ಒಣಗಿದ್ದನ್ನು ನಾನು ಕಂಡಿಲ್ಲ. ಆ ಕೈಯಲ್ಲಿ ನನ್ನ ಗಲ್ಲ ಮುಟ್ಟಿದರೆ ಹಿತವಾಗಿ ತಣ್ಣಗಿರುತ್ತಿತ್ತು. ಮುಟ್ಟುತ್ತಿದ್ದದ್ದೇ ಅಪರೂಪ ಅನ್ನಿ.

ನಾನು ಭಟ್ಕಳದ ಮುಟ್ಟಳ್ಳಿಯಿಂದ ಮದುವೆಯಾಗಿ ಈ ಓಣಿಗೆ ಬಂದ ಹೊಸತು. ಒಂದು ಮಧ್ಯಾಹ್ನ ಗಾಳಿಗೆ ಅವರ ಮಡಿ ಸೀರೆ ಹಾರಿ ನಮ್ಮ ಅಂಗಳಕ್ಕೆ ಬಿತ್ತು. ಪಾಪ, ಎತ್ತಿಕೊಡೋಣ ಎಂದು ಬಗ್ಗಿದೆನೋ ಇಲ್ಲವೋ, ಬೇಲಿಯಾಚೆಯಿಂದ "ಮುಟ್ಟಡ!" ಎಂದು ಕೂಗು ಬಂತು. ಮುಟ್ಟಬೇಡ ಎನ್ನುವುದಕ್ಕೆ ಅವರ ಮನೆಮಾತು ಅದು. ನಮ್ಮ ಹತ್ತಿರ ಅವರು ಪೇಟೆಯ ಕನ್ನಡವನ್ನೇ ಆಡುತ್ತಿದ್ದರು. ಸಿಟ್ಟು ಬಂದರೆ, ಗಾಬರಿಯಾದರೆ ಮಾತ್ರ ಮನೆಮಾತು ಹೊರಗೆ ಬೀಳುತ್ತಿತ್ತು. ಒಣಗಿದ್ದ ಸೀರೆಯನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗಿ ಮತ್ತೆ ನೀರಿಗೆ ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮದು ಮೀನು ತಿನ್ನುವ ಮನೆ. ಅಮ್ಮ ನಮ್ಮ ಜಗುಲಿಯಲ್ಲಿ ಕೂತು ತಾಸುಗಟ್ಟಲೆ ಹರಟುವರು, ಓಣಿಯ ಸುದ್ದಿಯನ್ನೆಲ್ಲ ಹೊತ್ತು ತಂದು ನಮ್ಮ ಮನೆಯಲ್ಲಿ ಇಳಿಸುವರು, ಆದರೆ ನಮ್ಮ ಮನೆಯ ಒಂದು ಲೋಟ ನೀರನ್ನು ಬಾಯಿಗೆ ಹಾಕಿದವರಲ್ಲ. "ಅವರ ಕ್ರಮ ಅದು, ಬಿಡು ಮಾರಾಯ್ತಿ" ಎನ್ನುತ್ತಿದ್ದರು ನಮ್ಮನೆಯವರು. ಬಿಡುವುದು ಹೇಗೆ? ಸಹಕಾರಿ ಸಂಘದಲ್ಲಿ ಕೂತು ಊರ ಜನಕ್ಕೆಲ್ಲ ಉತ್ತರ ಹೇಳುವವಳು ನಾನು. ಅಮ್ಮನ ಎದುರು ಹಲ್ಲು ಕಿರಿದು, ಒಳಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ.

ಆಮೇಲೆ ನನಗೆ ಕಾಯಿಲೆ ಶುರುವಾಯಿತು. ತಿಂದದ್ದು ಮೈಗೆ ಹತ್ತದು, ಹೊಟ್ಟೆ ಉಬ್ಬರ, ಭೇದಿ, ಬಾಚಣಿಗೆ ತುಂಬ ಕೂದಲು. ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟರು, ಜಂತುಹುಳ ಎಂದು ಕೊಟ್ಟರು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಪುಕ್ಕಟೆ ಉಪದೇಶವನ್ನೂ ಕೊಟ್ಟರು. ಕೊನೆಗೆ ಮಂಗಳೂರು ಕಡೆಯ ಆಸ್ಪತ್ರೆಯೊಂದರಲ್ಲಿ ಗಂಟಲಿನೊಳಗೆ ಕೊಳವೆ ಇಳಿಸಿ ನೋಡಿ, ಇದು ಸೀಲಿಯಾಕ್ ಎಂದರು. ಗೋಧಿ ಕರುಳನ್ನೇ ತಿನ್ನುತ್ತಿದೆ. ರವೆ, ಮೈದಾ, ಶ್ಯಾವಿಗೆ, ಬಿಸ್ಕೀಟು, ಎಲ್ಲ ಬಂದ್. ಡಬ್ಬಿಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಅದೂ ಬಂದ್. ಒಂದು ಚಿಟಿಕೆ ಸೋಕಿದರೂ ಕರುಳು ಮತ್ತೆ ಹುಣ್ಣಾಗುತ್ತದೆ, ಜೀವ ಇರುವವರೆಗೂ ಹೀಗೆಯೇ ಎಂದರು ಡಾಕ್ಟರು.

"ಅಯ್ಯ, ಇಷ್ಟೇಯಾ? ನಾವೆಲ್ಲ ಅನ್ನ ಉಣ್ಣೋ ಜನ, ಗೋಧಿ ಬಿಟ್ಟರೆ ಎಂತ ಆತು?" ಎಂದು ಎಲ್ಲರೂ ನಕ್ಕರು. ಗೋಧಿ ಬಿಡುವುದು ನಿಜಕ್ಕೂ ಕಷ್ಟವಾಗಲಿಲ್ಲ. ಜನರ ನಡುವೆ ಉಣ್ಣುವುದು ಕಷ್ಟವಾಯಿತು. ಯಾರ ಮನೆಗೆ ಹೋದರೂ ಬನ್ಸ್ ಕರಿದ ಎಣ್ಣೆಯಲ್ಲೇ ಹಪ್ಪಳ, ಚಪಾತಿಯ ಕಾವಲಿಯಲ್ಲೇ ದೋಸೆ, ಉಪ್ಪಿಟ್ಟಿನ ಸೌಟೇ ಅವಲಕ್ಕಿಗೆ. ಬೇಡ ಎಂದರೆ ಸೊಕ್ಕು ಎನ್ನುವರು. ಕಾರಣ ಹೇಳಿದರೆ "ಒಂದು ಚೂರು ತಿಂದರೆ ಎಂತ ಆಗ್ತದೆ?" ಎನ್ನುವರು. ನನ್ನ ತವರಿನಲ್ಲೇ ಅತ್ತಿಗೆ ಮುಖ ಊದಿಸಿಕೊಂಡಳು. ಮದುವೆಗೆ ಹೋಗುವುದು ಬಿಟ್ಟೆ, ಬಾಣಂತಿ ನೋಡಲು ಹೋಗುವುದು ಬಿಟ್ಟೆ. ಇನ್ನು ಜೀವಮಾನದಲ್ಲಿ ಒಬ್ಬರ ಮನೆಯಲ್ಲೂ ಎಲೆಯ ಮುಂದೆ ಕೂರುವ ಯೋಗ ನನಗಿಲ್ಲ ಎಂದು ಅತ್ತದ್ದೂ ಉಂಟು.

ಹಾಗೆ ಅಳುತ್ತಾ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದ ಒಂದು ಸಂಜೆ ಅಮ್ಮ ಬೇಲಿಯ ಹತ್ತಿರ ಬಂದರು. ಇವರೊಬ್ಬರು ಬಾಕಿ ಇದ್ದರು ಎಂದುಕೊಂಡು ಎಲ್ಲ ಹೇಳಿದೆ. ಅಮ್ಮ ನಗಲಿಲ್ಲ.

"ಸೌಟು ಬೇರೆ ಇಟ್ಟಿದ್ಯಾ?"

"ಹೌದಮ್ಮ."

"ಬಾಣಲೆ? ಪಾತ್ರೆ ತಿಕ್ಕೋ ನಾರು? ನಿನ್ನ ಗಂಡ ಚಪಾತಿ ಮುರಿದ ಕೈಯಲ್ಲೇ ಅನ್ನದ ಚರಿಗೆ ಮುಟ್ತಾನಾ?"

ನಾನು ಕಣ್ಣೊರೆಸಿಕೊಂಡು ನೋಡಿದೆ. ಡಾಕ್ಟರು ಕೇಳಿದ್ದ ಪ್ರಶ್ನೆಗಳನ್ನೇ ಈ ಅಮ್ಮ ಕೇಳುತ್ತಿದ್ದರು. ನಾರಿನ ಸಂಗತಿ ಡಾಕ್ಟರಿಗೂ ಹೊಳೆದಿರಲಿಲ್ಲ.

"ಕಣ್ಣಿಗೆ ಕಾಣದಿದ್ರೂ ಸೋಕಿದ್ರೆ ಸೋಕಿದ್ದೇ ಅಲ್ವಾ? ಹಂಗಾದ್ರೆ ಇದು ಮಡಿ, ಕೂಸೇ. ಇದರಲ್ಲಿ ತಿಳಿಯದ್ದು ಎಂತ ಉಂಟು?"

ಯಾವ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತಿತ್ತೋ ಅದೇ ಶಬ್ದ. ಆದರೆ ಅಷ್ಟು ತಿಂಗಳುಗಳಲ್ಲಿ ನನ್ನ ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬಿದ ಮೊದಲ ಮನುಷ್ಯರು ಅವರೇ. ಸಿಟ್ಟು ಮಾಡಿಕೊಳ್ಳಲೋ ಕಾಲಿಗೆ ಬೀಳಲೋ ತಿಳಿಯಲಿಲ್ಲ.

ಅಲ್ಲಿಂದ ಅಮ್ಮ ನನ್ನ ಕಡೆಯ ವಕೀಲರಾದರು. ಓಣಿಯ ಕೊನೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಗೋಧಿ ರವೆಗೆ ತುಪ್ಪ, ಬಾಳೆಹಣ್ಣು ಹಾಕಿ ಮಾಡಿದ ಸಪಾದವನ್ನು ಎಲ್ಲರ ಕೈಗೂ ಹಾಕುತ್ತಿದ್ದರು. ನಾನು ಕೈ ಹಿಂದೆಳೆದುಕೊಂಡೆ. ಮನೆಯೊಡತಿಯ ಮುಖ ಕಪ್ಪಿಟ್ಟಿತು. "ದೇವರ ಪ್ರಸಾದವನ್ನೂ ಬೇಡ ಅಂತ್ಯಲ್ಲೇ!" ಎಂದಳು, ಇಡೀ ಚಪ್ಪರಕ್ಕೆ ಕೇಳುವ ಹಾಗೆ. ಎಲ್ಲರೂ ನನ್ನನ್ನೇ ನೋಡಿದರು. ಗೋಡೆಗೆ ಒರಗಿ ಕೂತಿದ್ದ ಅಮ್ಮ ಅಲ್ಲಿಂದಲೇ ಗದರಿದರು. "ಅವಳಿಗೆ ಬಾಳೆಹಣ್ಣು ಕೊಡು. ಅದೂ ದೇವರ ಮುಂದೆ ಇಟ್ಟಿದ್ದೇ. ಹಂಗೇ ಕೊಡಬೇಡ, ಕೈ ತೊಳ್ಕೊಂಡು ಬಂದು ಕೊಡು!" ಆಕೆ ಗೊಣಗುತ್ತಾ ಹೋಗಿ ಕೈ ತೊಳೆದುಕೊಂಡು ಬಂದಳು. ಅಮ್ಮನ ಬಾಯಿಗೆ ಎದುರು ನಿಲ್ಲುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಮುಂದಿನ ವರ್ಷ ಆ ಮನೆಯಲ್ಲಿ ಅಕ್ಕಿ ರವೆಯ ಸಪಾದವಾಯಿತು.

ಹಾಗಂತ ಅಮ್ಮನಿಗೆ ಎಲ್ಲವೂ ತಿಳಿದಿತ್ತು ಎಂದುಕೊಳ್ಳಬೇಡಿ. ನನ್ನನ್ನು ಒಂದು ವಾರ ಹಾಸಿಗೆಗೆ ಹಾಕಿದವರೂ ಅವರೇ.

ಚೌತಿಯ ಮುಂಚೆ ಅವರ ಮನೆಯಲ್ಲಿ ಚಕ್ಕುಲಿ ಕಂಬಳ ನಡೆಯುತ್ತಿತ್ತು. ನೆಂಟರು ಇಷ್ಟರೆಲ್ಲ ಸೇರಿ, ಅಕ್ಕಿ ಹಿಟ್ಟು ಕಲಸಿ, ಕೈಯಲ್ಲೇ ಸುತ್ತು ಸುತ್ತಿ ಚಕ್ಕುಲಿ ಮಾಡಿ ಕರಿಯುವ ಸಂಭ್ರಮ. ಆ ವರ್ಷ ಅಮ್ಮ ಎಲ್ಲರಿಗಿಂತ ಮೊದಲು ಬೆಳಿಗ್ಗೆಯೇ ಮಿಂದು, ಹೊಸ ಎಣ್ಣೆ, ತಿಕ್ಕಿದ ಬಾಣಲೆ, ತಮ್ಮದೇ ಕೈ ಎಂದು ನನಗೆ ಪ್ರತ್ಯೇಕ ಚಕ್ಕುಲಿ ಮಾಡಿ, ಬಾಳೆಲೆಯಲ್ಲಿ ಸುತ್ತಿ ಬೇಲಿಯ ಮೇಲಿಂದ ಕೊಟ್ಟರು. ಎಷ್ಟು ಕಾಲದ ಮೇಲೆ ಹೊರಗಿನ ತಿಂಡಿ! ಒಂದೂ ಉಳಿಸದೆ ತಿಂದೆ. ಮರುದಿನದಿಂದ ಅದೇ ಹೊಟ್ಟೆನೋವು, ಅದೇ ಭೇದಿ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ.

ಅಮ್ಮ ನಂಬಲಿಲ್ಲ. ನಮ್ಮ ಜಗುಲಿಯಲ್ಲಿ ಕೂತು, ಅಕ್ಕಿ ತೊಳೆದಲ್ಲಿಂದ ಹಿಡಿದು ಮಾಡಿದ್ದನ್ನೆಲ್ಲ ಒಂದೊಂದಾಗಿ ಒಪ್ಪಿಸಿದರು. ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಅವರ ಸೊಸೆ ಮೆಲ್ಲಗೆ ಕೇಳಿದಳು, "ಅತ್ತೆ, ಜರಡಿ ಯಾವುದು? ನಾನು ಚಪಾತಿ ಹಿಟ್ಟು ಜರಡಿ ಹಿಡಿಯೋದೇ ಅಲ್ವಾ?"

"ಹೌದು. ಜರಡಿಗೆ ಎಂತ ಆತು? ಒಣ ಹಿಟ್ಟು. ಒಣಗಿದ್ದಕ್ಕೆ ಎಂತ ಮುಸುರೆ?"

ಅಮ್ಮನ ಮಡಿಯ ಲೆಕ್ಕ ಹಾಗಿತ್ತು. ಬೆಂದದ್ದು ಮುಸುರೆ, ನೀರು ಸೋಕಿದ್ದು ಮುಸುರೆ. ಒಣ ಧಾನ್ಯ, ಒಣ ಹಿಟ್ಟು ಯಾರ ಮನೆಯಿಂದ ಬಂದರೂ, ಯಾವ ಕೈ ದಾಟಿ ಬಂದರೂ ಶುದ್ಧ. ನನ್ನ ಕರುಳಿಗೆ ಆ ಲೆಕ್ಕ ಗೊತ್ತಿಲ್ಲವಲ್ಲ! ಜರಡಿಯ ಕಣ್ಣಿನಲ್ಲಿ ಕೂತ ಗೋಧಿಯ ಧೂಳೇ ಸಾಕು ಎಂದು ನಾನು ಹೇಳಿದೆ.

"ಹಂಗಾದ್ರೆ ಆನೇ ತಿನ್ಸಿದೆ ನಿಂಗೆ" ಎಂದರು. ಆನು ಎಂದರೆ ಅವರ ಮನೆಮಾತಿನಲ್ಲಿ ನಾನು. ಸೆರಗು ಕಣ್ಣಿಗೆ ಹೋಯಿತು. ನನ್ನ ಸಂಕಟದ ನಡುವೆಯೂ ಅಯ್ಯೋ ಎನಿಸಿತು ನನಗೆ.

ಮಾರನೇ ದಿನ ಮಗನನ್ನು ಪೇಟೆಗೆ ಅಟ್ಟಿ ಹೊಸ ಜರಡಿ ತರಿಸಿದರು. ಯಾರಾದರೂ ಮರೆತು ಮುಟ್ಟಿಯಾರು ಎಂದು ಅದನ್ನು ದೇವರ ಕೋಣೆಯಲ್ಲೇ ಮೊಳೆ ಹೊಡೆಸಿ ತೂಗಿಹಾಕಿದರು. ಪೂಜೆಗೆ ಬಂದ ಭಟ್ಟರು ಇದೆಂತದು ಎಂದು ಕೇಳಿದ್ದಕ್ಕೆ, "ಆಚೆಮನೆ ಕೂಸಿಂದು. ನೀವು ಮುಟ್ಟಡಿ" ಎಂದರಂತೆ! ಸೊಸೆ ಬಂದು ಹೇಳಿದಾಗ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ.

ನನ್ನಂಥವರು ಈ ಸೀಮೆಯಲ್ಲಿ ಬೇರೆ ಯಾರೂ ಇಲ್ಲ ಎಂದು ನಾನು ತಿಳಿದಿದ್ದೆ. ಒಂದು ಸಲ ಅಮ್ಮ ಭಟ್ಕಳದ ನೆಂಟರ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮುಂದಿನ ಸೀಟಿನಲ್ಲಿ ಬುರ್ಖಾದ ಹೆಂಗಸು, ತೊಡೆಯ ಮೇಲೆ ಬಡಕಲು ಹುಡುಗಿ. ಪಕ್ಕದವರು ಮಗುವಿಗೆ ಬಿಸ್ಕೀಟು ಕೊಡಹೋದರೆ ತಾಯಿ, "ಬೇಡ, ಅವಳಿಗೆ ಗೋಧಿ ಆಗೂದಿಲ್ಲ" ಎಂದಳಂತೆ. ಅಮ್ಮ ಸುಮ್ಮನಿರುವ ಜೀವವೇ? ಸೀಟು ಬಿಟ್ಟೆದ್ದು ಅವಳ ಪಕ್ಕ ಕೂತು, ಹೊನ್ನಾವರ ಬರುವುದರೊಳಗೆ ಅವಳ ತವರು, ಗಂಡನ ಕೆಲಸ, ಮಗುವಿನ ಕಾಯಿಲೆ ಎಲ್ಲ ಕೇಳಿಕೊಂಡು, ಫೋನ್ ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದರು. ನಮ್ಮ ಗೇಟಿನಿಂದಲೇ ಕೂಗು. "ಸಿಕ್ತು ಕೂಸೇ! ಇನ್ನೊಂದು ಸಿಕ್ತು!"

ಆ ಭಟ್ಕಳದವಳು ಈಗ ನನಗೆ ತಂಗಿಯಿದ್ದ ಹಾಗೆ. ಮನೆಯಲ್ಲಿ ನವಾಯತಿ ಮಾತು ಆಡುವವಳು, ನನ್ನ ಹತ್ತಿರ ಮುಟ್ಟಳ್ಳಿಯ ಕನ್ನಡವನ್ನೇ ಆಡುತ್ತಾಳೆ. ಅವಳ ಅಕ್ಕಿ ರೊಟ್ಟಿ ಹೂವಿನಷ್ಟು ಮೆತ್ತಗೆ. ಆಮೇಲೆ ಕುಮಟಾದ ಹತ್ತಿರ ಬಾಡ ಎಂಬ ಊರಿನಲ್ಲಿ ಗೋಧಿ ಆಗದವರ ಇನ್ನೊಂದು ಮನೆ ಸಿಕ್ಕಿತು, ಅದೂ ಅಮ್ಮ ಯಾವುದೋ ಉಪನಯನದ ಊಟದಲ್ಲಿ ಕೆದಕಿ ತೆಗೆದದ್ದು. ಮೂರೂ ಮನೆಯವರು ಸೇರಿ ಹೊನ್ನಾವರದ ಗಿರಣಿಯವರನ್ನು ಒಪ್ಪಿಸಿದೆವು. ಯಂತ್ರ ಬಿಚ್ಚಿ ತೊಳೆಯುವ ದಿನ, ಮತ್ತೆ ಜೋಡಿಸಿದ ಮೇಲೆ ಮೊದಲು ಬೀಳುವುದು ನಮ್ಮ ಅಕ್ಕಿ.

ಒಂದು ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದೆವು. ಭಟ್ಕಳದ ಹುಡುಗಿ ಎರಡೂ ಕೈಯಲ್ಲಿ ರೊಟ್ಟಿ ಹಿಡಿದು, ಯಾರನ್ನೂ ಕೇಳದೆ ತಿನ್ನುತ್ತಿದ್ದಳು. ಅಮ್ಮ ಅದನ್ನು ನೋಡುತ್ತಾ ಬಾಗಿಲ ಬಳಿ ಕೂತಿದ್ದರು, ಎಂದಿನಂತೆ ಒಂದು ಹನಿ ನೀರೂ ಮುಟ್ಟದೆ. ಅಂದು ನನಗೆ ತಡೆಯಲಾಗಲಿಲ್ಲ. ಎಲ್ಲರೂ ಹೋದ ಮೇಲೆ ಕೇಳಿಯೇಬಿಟ್ಟೆ. "ಅಮ್ಮಾ, ನಮಗೋಸ್ಕರ ಇಷ್ಟೆಲ್ಲ ಒದ್ದಾಡ್ತೀರಿ. ನನ್ನ ಅಡುಗೆಮನೆ ನಿಮಗೆ ಅಷ್ಟು ಅಸಹ್ಯವಾ?"

ಅಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ಅಸಹ್ಯ ಅಲ್ಲ ಕೂಸೇ. ಹುಟ್ಟಿದಾಗಿಂದ ಹೀಗೇ ಬೆಳೆಸಿಬಿಟ್ರು. ನಿಂಗೆ ಸೋಕಿದ್ರೆ ಹೊಟ್ಟೆ ಕೆಡ್ತದೆ, ನಂಗೆ ಮನಸ್ಸು ಕೆಡ್ತದೆ. ನಿಂದು ಖರೇ ಕಾಯಿಲೆ. ನಂದು ಎಂತದು ಅಂತ ನಂಗೇ ಗೊತ್ತಿಲ್ಲ" ಎಂದು ಕಾಲೆಳೆಯುತ್ತಾ ಮನೆಗೆ ಹೋದರು. ಕೇಳಬಾರದಿತ್ತು ಎಂದು ನನಗೆ ಅನಿಸಲಿಲ್ಲ. ನೋವು ನನ್ನದೂ ಇತ್ತು.

ಕಳೆದ ವರ್ಷ ಅಮ್ಮ ಹಾಸಿಗೆ ಹಿಡಿದರು. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಂಡರು, ಆದರೆ ಅಮ್ಮನಿಗೆ ಊಟ ಸೇರದಾಯಿತು. ಒಂದು ಬೆಳಿಗ್ಗೆ ಸೊಸೆ ಬೇಲಿಯ ಹತ್ತಿರ ಬಂದು ತಡವರಿಸುತ್ತಾ ಹೇಳಿದಳು. "ಅತ್ತೆ ನಿಮ್ಮನೆ ಗಂಜಿ ಕೇಳ್ತಿದ್ದಾರೆ." ಅಕ್ಕಿ ತೊಳೆದದ್ದು ಎಷ್ಟು ಸಲವೋ! ಗಂಜಿ ಮಾಡಿ ಒಯ್ದು ಹಾಸಿಗೆಯ ಪಕ್ಕ ಕೂತೆ. ಅಮ್ಮ ಕಣ್ಣು ತೆರೆದರು.

"ಮೀನಿನ ಪಾತ್ರೆದಲ್ಲ ಅಲ್ವಾ?"

"ಅಲ್ಲಮ್ಮ."

"ಹಂಗಾದ್ರೆ ಆತು" ಎಂದು ಬಾಯಿ ತೆರೆದರು. ನನ್ನ ಕೈಯಿಂದಲೇ ನಾಲ್ಕು ಚಮಚ ಕುಡಿದರು. ಉಪ್ಪು ಕಡಿಮೆ ಎಂದು ದೂರಿದರು. ಆಮೇಲೆ ಕೊನೆಯವರೆಗೂ ದಿನವೂ ಗಂಜಿ ನಮ್ಮ ಮನೆಯದ್ದೇ.

ವೈಕುಂಠ ಸಮಾರಾಧನೆಯ ಊಟಕ್ಕೆ ಕರೆಯಲು ಅವರ ಮಗನೇ ಬಂದರು. ನಾನು ಎಂದಿನ ಮಾತು ಹೇಳಿದೆ. ಬರುತ್ತೇನೆ, ಕೈಮುಗಿದು ಹೋಗುತ್ತೇನೆ, ಊಟಕ್ಕೆ ಮಾತ್ರ ಒತ್ತಾಯ ಬೇಡ ಎಂದೆ. ಅವರು ತಲೆಯಲ್ಲಾಡಿಸಿದರು. "ಹಂಗಲ್ಲ ಅಕ್ಕ. ಆಯಿ ಮೊದಲೇ ಹೇಳಿಟ್ಟಿದ್ದರು. ತನ್ನ ಹೆಸರಿನ ಊಟದ ದಿನ ಮನೆಯೊಳಗೆ ಗೋಧಿ ಕಾಲಿಡಬಾರದು, ಆ ಕೂಸು ಎಲ್ಲರ ಸಾಲಿನಲ್ಲೇ ಕೂತು ಉಣ್ಣಬೇಕು ಅಂತ. ಅಡಿಗೆಯವರ ಹತ್ತಿರ ಜಗಳ ಮಾಡಿ ಒಪ್ಪಿಸಿದ್ದೇನೆ, ದಯವಿಟ್ಟು ಬನ್ನಿ."

ಹೋದೆ. ಹೋಳಿಗೆ ಇರಲಿಲ್ಲ, ಬೇಳೆ ಬೆಲ್ಲದ ಹೂರಣದ ಉಂಡೆಯನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಕರಿದ ಸುಟ್ಟೇವು ಇತ್ತು. ಸಾರಿಗೆ ಇಂಗು ಬಿದ್ದಿರಲಿಲ್ಲ. ಹೋಳಿಗೆಯಿಲ್ಲದ ಊಟವೇ ಎಂದು ಯಾರೋ ನೆಂಟರು ಗೊಣಗಿದರು. ಅವರ ಪಕ್ಕದಲ್ಲೇ ನನ್ನ ಎಲೆ. ಬಡಿಸಿದ್ದನ್ನೆಲ್ಲ ಹಾಕಿಸಿಕೊಂಡೆ, ಯಾವುದು ಎಂತ ಎಂದು ಕೇಳದೆ, ಯಾರ ಸೌಟನ್ನೂ ನೋಡದೆ, ಕಣ್ಣೀರು ಮೂಗಿನ ಮೇಲಿಂದ ಇಳಿದು ಅನ್ನಕ್ಕೆ ಬೀಳುತ್ತಿದ್ದರೂ ಒರೆಸಿಕೊಳ್ಳದೆ, ಹೊಟ್ಟೆ ತುಂಬ ಉಂಡೆ.